ಜೇಬಿಲ್ಲದ ಬಟ್ಟೆ

1987ರ ಜನವರಿ, ಶುಕ್ರವಾರ ಬೆಳಗ್ಗೆ ಹತ್ತು ನಲವತ್ತು. ಹೈಫಾದ ಯಹೂದಿ ಸ್ಮಶಾನದಲ್ಲಿ ಲೇಖಕ ಮಿಕ್ಷಾ ಗೊಂದೋಶನ ಶವವಿದ್ದ ಕೈಗಾಡಿ ಹೊರಡಬೇಕಿತ್ತು, ಹೊರಡಲಿಲ್ಲ. ಮಗಳು ನಿತ್ಸಾ ಗಾಡಿಗೆ ಅಡ್ಡ ನಿಂತು, ಶವದ ಬಿಳಿ ಬಟ್ಟೆಯ ಮಡಿಕೆಯೊಳಗೆ ಒಂದು ನೋಟ್‌ಬುಕ್ ಸಿಕ್ಕಿಸಲು ನೋಡುತ್ತಿದ್ದಳು.

“ಕೈ ತೆಗೀಮ್ಮ,” ಎಂದ ಅಂತ್ಯಕ್ರಿಯೆ ಸಂಘದ ಅಮ್ರಾಂ. “ಈ ಬಟ್ಟೆಗೆ ಜೇಬಿಲ್ಲ. ಯಾರೂ ಏನೂ ತಗೊಂಡು ಹೋಗೋ ಹಾಗಿಲ್ಲ ಅಂತ್ಲೇ ಇಡಲ್ಲ.”

“ಅಪ್ಪ ಕೇಳ್ಕೊಂಡಿದ್ದು.”

“ಸತ್ತೋರು ಕೇಳಿದ್ದೆಲ್ಲ ಹಾಕ್ತಾ ಹೋದ್ರೆ ನಾನು ಫ್ರಿಜ್ಜೂ ಹೂಳಬೇಕಾಗುತ್ತೆ. ದೇವರ ಹೆಸರಿರೋ ಕಾಗದ ಇದ್ರೆ ಕೊಡಿ. ಅದನ್ನ ಎಸೆಯೋ ಹಾಗಿಲ್ಲ, ಸುಡೋ ಹಾಗಿಲ್ಲ, ಮಣ್ಣಿಗೇ ಹೋಗ್ಬೇಕು. ಮಿಕ್ಕಿದ್ದೆಲ್ಲ ಮನೆಗೆ.” ಅವನು ಗಡಿಯಾರ ನೋಡಿಕೊಂಡ. “ಸಂಜೆ ಸಬ್ಬತ್ ರಜೆ ಶುರುವಾಗೋ ಮುಂಚೆ ಹೂಳೋಕೆ ಇನ್ನೂ ಮೂರು ಜನ ಇದಾರೆ. ಅವರು ಗಲಾಟೆ ಮಾಡಲ್ಲ, ಅವರ ಮಕ್ಕಳು ಮಾಡ್ತಾರೆ.”

“ಹತ್ತು ನಿಮಿಷ ಕೊಡಿ. ಹೆಸರಿದೆಯಾ ನೋಡ್ತೀನಿ.”

“ಐದು.”

ಸ್ವಲ್ಪ ದೂರದಲ್ಲಿ ಮಿಕ್ಷಾನ ಹಳೆಯ ಗೆಳೆಯ ಲೀಪಾ ರೈನಿತ್ಸ್ ಗಾಳಿಗೆ ಹಾರದಂತೆ ಟೋಪಿಯನ್ನು ಒತ್ತಿ ಹಿಡಿದು ನಿಂತಿದ್ದ. ವಯಸ್ಸು ಎಪ್ಪತ್ತೊಂದು. ಮಿಕ್ಷಾನಿಗೆ ಗಂಡುಮಕ್ಕಳಿಲ್ಲ; ಮಗ ಹೇಳಬೇಕಾದ ಕದ್ದಿಶ್ ಪ್ರಾರ್ಥನೆಯನ್ನು ಗೋರಿಯ ಬಳಿ ತಾನೇ ಹೇಳುತ್ತೇನೆಂದು ಒಪ್ಪಿದ್ದವನು ಅವನು. ಲೀಪಾನ ತಮ್ಮ ಎರ್ವಿನ್ ನಾಜಿಗಳ ಶಿಬಿರದಲ್ಲಿ ಮಿಕ್ಷಾನ ಪಕ್ಕದ ಹಲಗೆಯ ಮೇಲೆ ಸತ್ತಿದ್ದ.

“ಏನಂತೆ ಆ ಯಜಮಾನಂದು, ನಿತ್ಸಿಕಾ?”

“ಏನಿಲ್ಲ, ಲೀಪಾ ಮಾಮ.” ಅವಳು ನೋಟ್‌ಬುಕ್ಕನ್ನು ಕೋಟಿನೊಳಗೆ ಸರಿಸಿದಳು. ಸೂತಕಕ್ಕೆಂದು ಬೆಳಗ್ಗೆ ಹರಿದ ಕಾಲರ್ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

*

ಮಂಗಳವಾರ ಆಸ್ಪತ್ರೆಯಲ್ಲಿ ಮಿಕ್ಷಾ ನೋಟ್‌ಬುಕ್ಕನ್ನು ದಿಂಬಿನಡಿಯಿಂದ ತೆಗೆದು ಕೊಟ್ಟಿದ್ದ. “ನನ್ನ ಜೊತೆ ಹಾಕಿಬಿಡು. ಓದಬೇಡ.”

“ಬೇಡದ್ದಾದ್ರೆ ಸುಟ್ಟುಬಿಡ್ಲಾ?”

“ಸುಡೋದನ್ನ ನೋಡಿದ್ದು ಸಾಕು. ಲೀಪಾ ಕೈಗೆ ಮಾತ್ರ ಸಿಕ್ಕಬಾರದು.”

ನಿತ್ಸಾಳಿಗೆ ಅದು ಅರ್ಥವಾಗಿರಲಿಲ್ಲ. ಮೂವತ್ತು ವರ್ಷದಿಂದ ಪ್ರತಿ ಶುಕ್ರವಾರ ಸಂಜೆ ಅಪ್ಪ-ಮಗಳ ಊಟ ಲೀಪಾನ ಮನೆಯಲ್ಲೇ. ಲೀಪಾ ರೊಟ್ಟಿಯ ಮೇಲಿನ ಬಟ್ಟೆ ಸರಿಸಿ, ಕಣ್ಣು ಮುಚ್ಚಿ ಮಂತ್ರ ಶುರುಮಾಡುತ್ತಿದ್ದಂತೆ ಅಪ್ಪ ಎದ್ದು ಬಾಲ್ಕನಿಗೆ ಹೋಗುತ್ತಿದ್ದ. ಮುಗಿದ ಮೇಲೆ ಬಂದು ಕೂರುತ್ತಿದ್ದ.

“ದೇವರು ನಿನ್ನ ಕಚ್ತಾನೇನಯ್ಯಾ, ನಾಸ್ತಿಕ ಮುಂಡೇದೇ?” ಎಂದು ಲೀಪಾ ನಗುತ್ತಿದ್ದ. “ನಮ್ಮಪ್ಪ ಹೀಗೇ ಕಣ್ಣು ಮುಚ್ಚಿ ಹೇಳ್ತಿದ್ರು. ಎರ್ವಿನ್ನೂ ಹಾಗೇ. ಅಲ್ವೇನೋ ಮಿಕ್ಷಾ, ಅಲ್ಲೂ ಹಾಗೇ ಹೇಳ್ತಿದ್ನಾ?”

“ಹೇಳ್ತಿದ್ದ. ಸೂಪು ಆರುತ್ತೆ, ಬಡಿಸು.”

*

ಕೈ ತೊಳೆಯುವ ನಲ್ಲಿಯ ಕಟ್ಟೆಯ ಮೇಲೆ ಕೂತು ನಿತ್ಸಾ ಹಾಳೆ ತಿರುವಿದಳು. ಅಪ್ಪ ಬರೆದ ಆರು ಪುಸ್ತಕಗಳೂ ಹೀಬ್ರೂನಲ್ಲಿದ್ದವು. ಇದು ಹಂಗೇರಿಯನ್‌ನಲ್ಲಿ, ಮನೆಯ ಮಾತಿನಲ್ಲಿತ್ತು. ಓದದೆ ಹೀಬ್ರೂ ಅಕ್ಷರ ಮಾತ್ರ ಹುಡುಕಬೇಕೆಂದುಕೊಂಡಿದ್ದಳು. ಮೂವತ್ತೊಂದನೆಯ ಪುಟದಲ್ಲಿ ಸಿಕ್ಕಿತು: ರೊಟ್ಟಿಯ ಮಂತ್ರ, ದೇವರ ಹೆಸರಿನ ಸಮೇತ. ಸುತ್ತಲಿನ ಸಾಲುಗಳು ಆಗಲೇ ಕಣ್ಣಿಗೆ ಬಿದ್ದಿದ್ದವು.

“ಎರ್ವಿನ್ ತನ್ನ ಪಾಲಿನ ತುಂಡನ್ನು ಟೋಪಿಯಲ್ಲಿಟ್ಟು ಕಣ್ಣು ಮುಚ್ಚಿದ. ತುಂಡು ಚಿಕ್ಕದಾದಷ್ಟೂ ಮಂತ್ರವನ್ನು ನಿಧಾನ ಹೇಳುತ್ತಿದ್ದ. ‘ನೆಲದಿಂದ ರೊಟ್ಟಿಯನ್ನು ಹೊರತರುವವನೇ’ ಎನ್ನುವಷ್ಟರಲ್ಲಿ ಅದು ನನ್ನ ಬಾಯಲ್ಲಿತ್ತು. ಕಣ್ಣು ಬಿಟ್ಟು ಟೋಪಿ ನೋಡಿದ, ನನ್ನನ್ನು ನೋಡಿದ. ಯಾರನ್ನೂ ಕೂಗಲಿಲ್ಲ. ಮೂರನೆಯ ದಿನ ಸತ್ತ. ಅವನು ನಿದ್ದೆಯಲ್ಲಿ ಹೋದ ಎಂದು ಲೀಪಾನಿಗೆ ಹೇಳಿದ್ದೇನೆ.”

“ಐದು ನಿಮಿಷ ಆಯ್ತು!” ಅಮ್ರಾಂ ಕೂಗಿದ.

ಅವಳು ಆ ಪುಟವನ್ನು ಬಿಡಿಸಿ ಅವನೆದುರು ಹಿಡಿದಳು. “ಇಗೋ. ಹೆಸರು.”

ಅಮ್ರಾಂ ಬಗ್ಗಿ ನೋಡಿದ. “ಇದೆ. ಆದ್ರೆ ಅಕ್ಕಪಕ್ಕದ್ದು ಏನು? ನಿಮ್ಮಪ್ಪ ಪೇಪರಲ್ಲಿ ದೇವರನ್ನ ಬೈದಿದ್ದು ನಾನೂ ಓದಿದೀನಿ. ಪ್ರಾರ್ಥನೆಯೋ, ಬೈಗುಳವೋ?”

“ಪ್ರಾರ್ಥನೆ.”

“ನೀವು ಹಾಗೇ ಹೇಳ್ತೀರ, ಹೂಳಿಸಬೇಕಲ್ಲ. ನನಗೆ ಈ ಭಾಷೆ ಬರಲ್ಲ. ಬೇರೆ ಯಾರಿಗೆ ಬರುತ್ತೆ?”

“ನಂಗೆ ಬರುತ್ತಪ್ಪ,” ಎಂದ ಲೀಪಾ. ಆಗಲೇ ಹತ್ತಿರ ಬಂದಿದ್ದ. “ಕೊಡಮ್ಮ.”

“ಬೇಡ ಮಾಮ. ಮನೆಗೇ ತಗೊಂಡು ಹೋಗ್ತೀನಿ.”

“ಅವನ ಕೊನೇ ಆಸೆ ಅಂತ ಕಾಣುತ್ತೆ, ಒಂದು ಪುಟ ಓದಕ್ಕೆ ನಂಗೇನು ಕಷ್ಟ?” ಅವಳ ಬೆರಳುಗಳಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡು ಕನ್ನಡಕ ಏರಿಸಿದ.

ಅವನ ಬೆರಳು ಸಾಲಿನಿಂದ ಸಾಲಿಗೆ ಸರಿಯಿತು. ಒಂದು ಕಡೆ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಅಲ್ಲಿಗೇ ಬಂತು. ಟೋಪಿ ಗಾಳಿಗೆ ಹಾರಿ ಪಕ್ಕದ ಗೋರಿಗೆ ತಗುಲಿಕೊಂಡಿತು. ಅವನು ತಿರುಗಿ ನೋಡಲಿಲ್ಲ. ಅಮ್ರಾಂ ಎತ್ತಿಕೊಂಡು ಬಂದು ಅವನ ತಲೆಗಿಟ್ಟ.

“ಏನ್ರೀ, ಬೈಗುಳಾನಾ?”

ಲೀಪಾ ನೋಟ್‌ಬುಕ್ ಮುಚ್ಚಿದ. ನಿತ್ಸಾಳ ಕಡೆ ನೋಡಲಿಲ್ಲ.

“ಪ್ರಾರ್ಥನೆ,” ಎಂದ. “ಹಾಕಿ.”

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಶವವನ್ನು ಇಳಿಸಿದರು. ನೋಟ್‌ಬುಕ್ಕನ್ನು ತಲೆಯ ಪಕ್ಕದಲ್ಲಿಟ್ಟರು. ಸಾವು ಕೈಯಿಂದ ಕೈಗೆ ದಾಟಬಾರದೆಂದು ಅಲ್ಲಿ ಸಲಿಕೆಯನ್ನು ಯಾರೂ ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಮಣ್ಣಿನಲ್ಲಿ ನೆಟ್ಟು ಸರಿಯುತ್ತಾರೆ. ಲೀಪಾ ಎತ್ತಿಕೊಂಡವನು ನೆಡಲೇ ಇಲ್ಲ. ಒಂದೇ ಸಮನೆ ಮಣ್ಣು ಎಳೆದ, ಮುಖ ಕೆಂಪಾಗುವವರೆಗೆ.

“ಸಾಕು ತಾತ, ನೀವೂ ಇಲ್ಲೇ ಉಳಿದೀರಿ,” ಎಂದ ಅಮ್ರಾಂ. “ಕದ್ದಿಶ್ ಯಾರು ಹೇಳ್ತೀರ?”

ನಿತ್ಸಾ ತನ್ನ ಬೂಟುಗಳನ್ನು ನೋಡುತ್ತಿದ್ದಳು.

“ಯಾರ್ರೀ? ಇಲ್ದಿದ್ರೆ ನಾನೇ ಹೇಳಿಬಿಡ್ತೀನಿ, ಹೊತ್ತಾಯ್ತು.”

ಲೀಪಾ ಸಲಿಕೆಯನ್ನು ಮಣ್ಣಿಗೆ ನೆಟ್ಟ. “ನಾನು,” ಎಂದ. ಹೇಳಿದ. ನಡುವೆ ಎರಡು ಸಲ ತಡವರಿಸಿದ.

*

ನಿತ್ಸಾಳ ಮನೆಯಲ್ಲಿ ಸೂತಕಕ್ಕೆಂದು ಕನ್ನಡಿಗೆ ಬಟ್ಟೆ ಮುಚ್ಚಿತ್ತು. ಸತ್ತ ಮನೆಯ ಮೊದಲ ಊಟ ಹೊರಗಿನಿಂದಲೇ ಬರಬೇಕು; ಲೀಪಾ ತರುತ್ತೇನೆಂದು ಗುರುವಾರವೇ ಹೇಳಿದ್ದ. ಹನ್ನೆರಡೂ ಮುಕ್ಕಾಲಾದರೂ ಬರಲಿಲ್ಲ. ಪಕ್ಕದ ಮನೆಯಾಕೆ, “ನಾನೇ ನಾಲ್ಕು ಮೊಟ್ಟೆ ಬೇಯಿಸಿ ತರ್ತೀನಿ ಕಣೇ, ಎಷ್ಟೊತ್ತು ಅಂತ ಖಾಲಿ ಹೊಟ್ಟೇಲಿ ಕೂತಿರ್ತೀಯ?” ಎಂದಳು. ನಿತ್ಸಾ ಬೇಡವೆಂದಳು. ಮೆಟ್ಟಿಲಲ್ಲಿ ಸದ್ದಾದಾಗಲೆಲ್ಲ ಬಾಗಿಲ ಕಡೆ ನೋಡಿದಳು.

ಒಂದು ಹತ್ತಕ್ಕೆ ಲೀಪಾ ಬಂದ. ಕೈಚೀಲದಲ್ಲಿ ಬೇಯಿಸಿದ ಮೊಟ್ಟೆ ಮತ್ತು ದುಂಡು ರೊಟ್ಟಿ ಇದ್ದವು. ಅಂಗಿಯ ತೋಳಲ್ಲಿ ಸ್ಮಶಾನದ ಮಣ್ಣು ಹಾಗೇ ಇತ್ತು. ಕೈ ತೊಳೆದು ಮೇಜಿಗೆ ಬಂದು ಕುಳಿತ. ಇಲ್ಲಿನ ಬಾಲ್ಕನಿಯ ಬಾಗಿಲ ಕಡೆ ಒಮ್ಮೆ ನೋಡಿದ. ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ತೆರೆದೇ, ಮಂತ್ರವನ್ನು ಕೊನೆಯವರೆಗೆ ಹೇಳಿದ.

ಮೊದಲ ತುಂಡನ್ನು ತಟ್ಟೆಗಿಡದೆ ನಿತ್ಸಾಳ ಕೈಗೇ ಕೊಟ್ಟ. ದುಃಖದ ಮನೆಯಲ್ಲಿ ಹಾಗೆಯೇ ಕೊಡುವುದು. ಎರಡನೆಯದನ್ನು ತಾನು ತಿಂದ.