ಬಸ್ಸಿನಲ್ಲಿ ಬಂದ ‘ರ’

ಎಂಟು ವರ್ಷದ ಧನುಶ್ರೀಯ ಬಾಯಲ್ಲಿ ‘ರ’ ಎಲ್ಲವೂ ‘ಲ’ ಆಗುತ್ತಿತ್ತು. ತರಗತಿಯಲ್ಲಿ ಹಾಜರಿ ಕರೆದರೆ ಕೈಯೆತ್ತುವಳೇ ಹೊರತು ಬಾಯಿ ಬಿಡಳು. ಅವಳ ಅಜ್ಜ ಗುರುಪಾದಪ್ಪ ಪ್ರತಿ ಶನಿವಾರ ಆರ್.ಟಿ. ನಗರದಿಂದ ಯಲಹಂಕಕ್ಕೆ ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಶಾಲೆಯೊಂದರ ಕೋಣೆಯ ಒಂದು ಮೂಲೆಯಲ್ಲಿ ಮಕ್ಕಳಿಗೆ ಕಣ್ಣಿನ ಪರೀಕ್ಷೆ, ಇನ್ನೊಂದು ಮೂಲೆಯಲ್ಲಿ ಶಿಲ್ಪ ಮೇಡಂ ಅವರ ಮಾತಿನ ಪಾಠ.

“ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂದೆ ಇಟ್ಟು ಜೋರಾಗಿ ಗಾಳಿ ಬಿಡು ಪುಟ್ಟಿ. ಆಟೋ ಸ್ಟಾರ್ಟ್ ಆದಂಗೆ, ಡ್ರ್ರ್ರ್! ದಿನಾ ಮಾಡ್ಬೇಕು,” ಎಂದಿದ್ದರು ಮೇಡಂ. ಮೂರು ವಾರವಾದರೂ ಧನುಶ್ರೀಯ ಆಟೋ ‘ಡ್ಲ್’ ಎಂದು ಕೆಮ್ಮಿ ನಿಂತುಬಿಡುತ್ತಿತ್ತು.

ಆ ಶನಿವಾರ ವಾಪಸು ಬರುವಾಗ ಹೆಬ್ಬಾಳದಲ್ಲಿ ಬಸ್ಸು ಅಲ್ಲಾಡದೆ ನಿಂತಿತು.

“ಈಗ ಮಾಡವಾ, ಹೆಂಗೂ ಬಸ್ ನಿಂತೈತಿ,” ಎಂದರು ಗುರುಪಾದಪ್ಪ.

“ಎಲ್ಲಲೂ ನೋಡ್ತಾಲೆ ಅಜ್ಜಾ.”

“ನೋಡ್ಲಿ ಬಿಡು. ಮೊದ್ಲು ನಾ ಮಾಡ್ತೀನಿ.” ಎದೆ ತುಂಬ ಉಸಿರೆಳೆದು “ಡ್ರ್ರ್ರ್ರ್!” ಎಂದರು. ಆ ರಭಸಕ್ಕೆ ಹೋದ ತಿಂಗಳಷ್ಟೇ ಕಟ್ಟಿಸಿದ್ದ ಹಲ್ಲಿನ ಸೆಟ್ಟು ಬಾಯಿಂದ ಹಾರಿ, ಪಕ್ಕದ ಸೀಟಿನ ಸೊಪ್ಪಿನ ಅಜ್ಜಿಯ ಬುಟ್ಟಿಗೆ ಬಿತ್ತು.

“ಅಯ್ಯೋ ಸಿವ್ನೇ! ಯಾರ್ದಪ್ಪಾ ಇದು ಅಲ್ಲು?” ಅಜ್ಜಿ ಕೂಗಿಕೊಂಡರು.

“ನಂದವಾ,” ಎಂದರು ಗುರುಪಾದಪ್ಪ, ಬೊಚ್ಚು ಬಾಯಿಗೆ ಕೈ ಅಡ್ಡ ಹಿಡಿದು.

ಇಡೀ ಬಸ್ಸು ಬಿದ್ದು ಬಿದ್ದು ನಕ್ಕಿತು. ಅಜ್ಜಿ ಹಲ್ಲನ್ನು ಸೆರಗಿನಲ್ಲಿ ಒರೆಸಿ ಕೊಟ್ಟು, “ಅದ್ಯಾಕಣ್ಣಾ ಇಂಗೆ ಗುರ್ ಅಂದೆ?” ಎಂದರು. ಗುರುಪಾದಪ್ಪ ನಾಚುತ್ತ ಮೊಮ್ಮಗಳ ಸಂಗತಿ ಹೇಳಿದರು.

“ಅಷ್ಟೇನಾ?” ಅಜ್ಜಿ ಬುಟ್ಟಿ ಕೆಳಗಿಟ್ಟು ತಾವೇ “ಡ್ರ್ರ್ರ್!” ಎಂದರು. “ಗೇರ್ ಹಾಕಮ್ಮಾ!” ಎಂದ ಕಂಡಕ್ಟರ್. ಹಿಂದಿನ ಸೀಟಿನ ಕಾಲೇಜು ಹುಡುಗರೂ ಶುರುಮಾಡಿದರು.

ಧನುಶ್ರೀ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗುನಗುತ್ತಲೇ “ಡ್ಲ್… ಡ್…” ಎನ್ನುವಾಗ ಅವಳ ನಾಲಿಗೆ ತಾನಾಗಿಯೇ ಅದುರಿತು.

“ಡ್ರ್ರ್ರ್ರ್!”

ಅವಳೇ ಬೆಚ್ಚಿಬಿದ್ದಳು. ಇನ್ನೊಮ್ಮೆ ಅಂದಳು. ಬಂತು! “ರ! ಅಜ್ಜಾ, ರಾಗಿ! ರೈಲು! ರಸ!”

ಗುರುಪಾದಪ್ಪನವರ ಕಣ್ಣು ತುಂಬಿತು. ಹಲ್ಲು ಹಾಕಿಕೊಳ್ಳುವುದನ್ನೂ ಮರೆತು ಮೊಮ್ಮಗಳ ತಲೆ ಸವರಿದರು.

ಸ್ಟಾಪಿನಿಂದ ಮನೆಯವರೆಗೆ ಧನುಶ್ರೀ ಕುಣಿಯುತ್ತಲೇ ಬಂದಳು. ಬಾಗಿಲು ಬಡಿದು, “ಅಮ್ಮಾ, ಬಾಗಿರು ತೆಗಿ! ನಂಗೆ ಹಾರು ಬೇಕು!” ಎಂದು ಕೂಗಿದಳು.

ಬಾಗಿಲು ತೆರೆದ ತಾಯಿ ಸ್ನೇಹಾ ಕಕ್ಕಾಬಿಕ್ಕಿಯಾಗಿ ತನ್ನ ಅಪ್ಪನ ಮುಖ ನೋಡಿದಳು. ನಕ್ಕೂ ನಕ್ಕೂ ಸುಸ್ತಾಗಿದ್ದ ಗುರುಪಾದಪ್ಪ ಮೆಟ್ಟಿಲ ಮೇಲೆ ಕುಸಿದು ಕೂತರು.

“ಇರ್ಲಿ ಬಿಡವಾ, ಒಂದೆರಡ ದಿನ ಹಂಗ ಅನ್ಲಿ. ‘ಲ’ ಎಲ್ಲಿ ಓಡಿ ಹೋಗ್ತೈತಿ!”