ಕಲ್ಲಿಕೋಟೆಯ ಉಪ್ಪುನೀರು

ಒಂದು ಮೀನಿನ ದೆಸೆಯಿಂದ ಹೊಟ್ಟೆ ಉರಿದುಕೊಳ್ಳುವ ಹೆಂಗಸು ನಮ್ಮ ನೇಕಾರರೂರು ಸಿರುಮುಗೈಯಲ್ಲೆಲ್ಲ ನಾನೊಬ್ಬಳೇ ಇರಬೇಕು. ನಗುವವರು ನಗಲಿ. ಅವರ ಗಂಡಂದಿರೂ ಎರಡು ತಗಡಿನ ಡಬ್ಬ ಹೊತ್ತುಕೊಂಡು, ಸಮುದ್ರದ ನೀರು ತರುತ್ತೇನೆಂದು ತಿಂಗಳು ತಿಂಗಳೂ ಕಲ್ಲಿಕೋಟೆಗೆ ಹೋಗಲಿ, ಆಗ ಮಾತಾಡೋಣ.

ಕಲ್ಲಿಕೋಟೆಯಲ್ಲಿ ಬರೀ ಸಮುದ್ರ ಇದ್ದಿದ್ದರೆ ನನಗೇನು? ಅಲ್ಲಿ ಚಂದ್ರಾ ಇದ್ದಾಳೆ. ನಮ್ಮವರ ಸೋದರತ್ತೆಯ ಮಗಳು. ಇವರಿಗೇ ಕೊಡಬೇಕೆಂದು ಚಿಕ್ಕಂದಿನಿಂದ ಮಾತಾಗಿತ್ತಂತೆ. ಜಾತಕ ಕೂಡಲಿಲ್ಲ, ಅವಳನ್ನು ಕಲ್ಲಿಕೋಟೆಯ ಜವಳಿ ಅಂಗಡಿಯವನಿಗೆ ಕೊಟ್ಟರು, ಇವರಿಗೆ ನನ್ನನ್ನು ತಂದರು. ಈಗ ಅವಳ ಗಂಡ ತೀರಿಹೋಗಿ ಅಂಗಡಿಯನ್ನು ಅವಳೇ ನಡೆಸುತ್ತಾಳೆ. ನಮ್ಮ ಬೀದಿಯಲ್ಲಿ ನೇಯ್ದ ರೇಷ್ಮೆ ಸೀರೆಗಳನ್ನು ಇವರು ಓಣಂಗೂ ದೀಪಾವಳಿಗೂ ಅಲ್ಲಿಗೆ ಕೊಟ್ಟು ಬರುತ್ತಿದ್ದರು. ಅಷ್ಟಕ್ಕೆಲ್ಲ ನಾನು ಬಾಯಿ ಬಿಟ್ಟವಳಲ್ಲ, ವ್ಯಾಪಾರ ಅಂದರೆ ವ್ಯಾಪಾರ.

ಕಳೆದ ಓಣಂಗೆ ಹೋದವರು ಹೊಸ ಹುಚ್ಚು ಹಿಡಿಸಿಕೊಂಡು ಬಂದರು. ಚಂದ್ರಾ ಅಂಗಡಿಯಲ್ಲಿ ಗಾಜಿನ ತೊಟ್ಟಿ ಇಟ್ಟಿದ್ದಾಳಂತೆ, ಅದರಲ್ಲಿ ಸಮುದ್ರದ ಬಣ್ಣದ ಮೀನಂತೆ, ನೋಡಲು ಬಂದವರು ಸೀರೆ ಕೊಳ್ಳದೆ ಹೋಗುವುದಿಲ್ಲವಂತೆ. ಇವರಿಗೂ ಒಂದು ಮೀನನ್ನು ಮಡಕೆಯಲ್ಲಿ ಹಾಕಿ ಕೊಟ್ಟಿದ್ದಳು, ಹಳದಿ ಪಟ್ಟೆಯದು. ಬರುವ ದಾರಿಯಲ್ಲಿ ಕೊಯಮತ್ತೂರಿನಲ್ಲಿ ಫೋಟೋಗೆ ಕಟ್ಟು ಹಾಕುವವನ ಅಂಗಡಿಯಿಂದ ಗಾಜಿನ ತೊಟ್ಟಿಯೊಂದನ್ನು ಕೊಂಡು ತಂದು, ಮಗ್ಗದಲ್ಲಿ ಕೂತರೆ ನೇರ ಕಣ್ಣಿಗೆ ಬೀಳುವಂತೆ ಇಟ್ಟರು.

"ಏನ್ಡಾ ಇದು, ಮನೇಲಿ ಮೀನಾ? ಮನೆದೇವ್ರು ಚೌಡಮ್ಮ ಮೆಚ್ತಾಳಾ?" ಎಂದು ಅತ್ತೆ ಕೂಗಾಡಿದರು.

"ತಿನ್ನಕ್ಕಲ್ಲಮ್ಮಾ, ಸುಮ್ನೆ ನೋಡಕ್ಕೆ," ಎಂದರು ಇವರು.

ಭವಾನಿ ಹೊಳೆಯಿಂದ ನೀರು ತಂದು ಸುರಿದವಳು ನಾನೇ. ನಮ್ಮೂರವರಿಗೆ ಭವಾನಿಯ ನೀರೆಂದರೆ ವಿಪರೀತ ಜಂಬ. ರೇಷ್ಮೆಗೆ ಬಣ್ಣ ಕೂರಿಸುವ ನೀರು, ಕುಡಿದರೆ ಎಳನೀರು. ಪಾಪ, ಉಪ್ಪಿನಲ್ಲಿ ಬೆಂದ ಮೀನಿಗೆ ಇದು ಸ್ವರ್ಗವಾದೀತು ಎಂದು ಬೀದಿಯವರೆಲ್ಲ ಹೇಳಿದರು. ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಅದು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಆ ಸಂತೋಷ ಒಂದು ರಾತ್ರಿಯ ಮಟ್ಟಿಗೆ. ಬೆಳಿಗ್ಗೆ ಇವರು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಇನ್ನೊಂದು ಮೀನು ತರುತ್ತಾರಂತೆ, ಈ ಸಲ ಸಮುದ್ರದ ನೀರನ್ನೂ ತರುತ್ತಾರಂತೆ.

ಎರಡನೆಯದು ವೀಳ್ಯದೆಲೆಯಷ್ಟಗಲ, ಮೈತುಂಬ ಕಪ್ಪು ಚುಕ್ಕೆ. ಅಲ್ಲಿಯ ಹೊಳೆ ಸಮುದ್ರಕ್ಕೆ ಸೇರುವ ಕಡೆ ಹಿಡಿದದ್ದಂತೆ. ಅದು ಸಾಯಲಿಲ್ಲ. ಆದರೆ ನೀರು ಕೆಡುತ್ತದಲ್ಲ? ತಿಂಗಳಾದರೆ ಡಬ್ಬ ಹೊರಟವು. ವರ್ಷಕ್ಕೆರಡು ಸಲದ ಕಲ್ಲಿಕೋಟೆ ತಿಂಗಳಿಗೊಂದು ಸಲ ಆಯಿತು. ಶುಕ್ರವಾರ ಹೋಗಿ ಭಾನುವಾರ ಬಂದು, ಕಾಲು ಕೂಡ ತೊಳೆಯದೆ ತೊಟ್ಟಿಗೆ ನೀರು ಬದಲಿಸುತ್ತಿದ್ದರು. ಬಾಯಿ ತೆರೆದರೆ ಚಂದ್ರಾ. ಚಂದ್ರಾ ಕೀರೆಸೊಪ್ಪು ಹಾಕು ಅಂದಳು. ಚಂದ್ರಾ ಬಿಸಿಲಲ್ಲಿ ಇಡಬೇಡ ಅಂದಳು. ನೇಯುತ್ತ ನೇಯುತ್ತ ಲಾಳಿ ನಿಲ್ಲಿಸಿ ಆ ಮೀನನ್ನೇ ನೋಡುತ್ತ ಕೂರುವರು. ನನ್ನನ್ನು ಹಾಗೆ ಮದುವೆಯ ಹೊಸತರಲ್ಲೂ ನೋಡಿದವರಲ್ಲ. ಅವಳು ಹುರಿದು ಕಳಿಸಿದ ಬಾಳೆಕಾಯಿ ಚಿಪ್ಸನ್ನು ಅತ್ತೆ ಚಪ್ಪರಿಸಿ ತಿನ್ನುತ್ತಿದ್ದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಕಲ್ಲಿಕೋಟೆ ಇರುವ ಮಲಬಾರು ಸೀಮೆ ಇನ್ನು ಬೇರೆ ರಾಜ್ಯಕ್ಕೆ ಸೇರುತ್ತದೆ ಎಂದು ಪೇಪರಿನಲ್ಲಿ ಬಂದಾಗ, ದಾರಿ ಮುಚ್ಚಿಬಿಡುತ್ತಾರೇನೋ ಎಂದು ನಾನೊಬ್ಬಳೇ ಖುಷಿಪಟ್ಟೆ. ಹಾಳು ರೈಲು, ಮೊದಲಿನ ಹಾಗೇ ಓಡಿತು.

ಒಂದು ದಿನ ತಡೆಯಲಾರದೆ, ರೇಷ್ಮೆ ಬೇಯಿಸಲು ಇಟ್ಟಿದ್ದ ಸೋಡಾವನ್ನು ಮುಷ್ಟಿಯಲ್ಲಿ ಹಿಡಿದು ತೊಟ್ಟಿಯ ಮುಂದೆ ನಿಂತೆ. ಹಾಕಿದರೆ ಮುಗಿಯಿತು. ಆದರೆ ಮೊದಲನೆಯದು ಸತ್ತಾಗ ಏನಾಯಿತು? ಮರುದಿನವೇ ಹೊರಟರಲ್ಲ! ಇದೂ ಸತ್ತರೆ ಮೂರನೆಯದು ಬರುತ್ತದೆ. ಮೀನು ಸಾಯಬಾರದು, ಅದಕ್ಕೆ ಸಮುದ್ರವೂ ಬೇಕಾಗಬಾರದು. ಹೊಳೆ ಸಮುದ್ರ ಸೇರುವಲ್ಲಿ ಸಿಕ್ಕಿದ್ದಲ್ಲವೇ, ಮೆಲ್ಲಗೆ ಅಭ್ಯಾಸ ಮಾಡಿಸಿದರೆ ಬರೀ ಹೊಳೆ ನೀರೂ ಒಗ್ಗೀತು. ಸೋಡಾವನ್ನು ಡಬ್ಬಿಗೆ ವಾಪಸು ಹಾಕಿದೆ.

"ನಿಮಗೆ ಮಗ್ಗದ ಕೆಲಸ ಇದೆ, ನೀರು ಬದಲಿಸೋದು ನಾ ನೋಡ್ಕೊಳ್ತೀನಿ," ಎಂದೆ ಇವರಿಗೆ. ಹಿಗ್ಗಿಹೋದರು.

ಅಂದಿನಿಂದ ದಿನಾ ಒಂದು ಚೆಂಬು ಉಪ್ಪುನೀರು ತೆಗೆದು, ಒಂದು ಚೆಂಬು ಭವಾನಿಯ ನೀರು ಹಾಕಿದೆ. ಕಲ್ಲಿಕೋಟೆಯಿಂದ ಇವರು ಬೆವರು ಸುರಿಸಿ ಹೊತ್ತು ತಂದದ್ದನ್ನು ಹಿತ್ತಲ ಚರಂಡಿಗೆ ಸುರಿಯುವಾಗ ಆಗುತ್ತಿದ್ದ ಸುಖ ನನಗೆ ಯಾವ ಹಬ್ಬದಲ್ಲೂ ಆಗಿಲ್ಲ. ಒಮ್ಮೆ ಮೀನು ವಾಲಿಕೊಂಡು ಮೂಲೆ ಸೇರಿತು. ಅಯ್ಯೋ, ನನ್ನ ಜೀವವೇ ಹೋದಂತಾಯಿತು. "ಚೌಡಮ್ಮಾ, ಇದೊಂದನ್ನ ಉಳಿಸಿಕೊಡು, ತೆಂಗಿನಕಾಯಿ ಒಡೀತೀನಿ," ಎಂದು ಹರಕೆ ಹೊತ್ತೆ. ಕೆಲವು ದಿನ ನೀರು ಬದಲಿಸುವುದನ್ನು ನಿಲ್ಲಿಸಿದೆ. ಚೇತರಿಸಿಕೊಂಡಿತು, ಮತ್ತೆ ಶುರುಮಾಡಿದೆ. ಮಾವಿನಕಾಯಿಯ ಕಾಲ ಬರುವ ಹೊತ್ತಿಗೆ ತೊಟ್ಟಿಯಲ್ಲಿ ಉಪ್ಪಿನ ಸುಳಿವೇ ಇರಲಿಲ್ಲ. ಮೀನು ಕೀರೆ ತಿಂದು ಗುಂಡಗೆ ತಿರುಗುತ್ತಿತ್ತು.

ಇವರನ್ನು ಕರೆದು, "ಬೆರಳದ್ದಿ ನಾಲಿಗೆಗೆ ಇಟ್ಟು ನೋಡಿ," ಎಂದೆ.

ನೆಕ್ಕಿದರು. ಮತ್ತೊಮ್ಮೆ ನೆಕ್ಕಿದರು. "ಇದು ನಮ್ಮ ಹೊಳೆ ನೀರಲ್ಲವಾ!"

"ಆಮಾ, ಹೊಳೆ ನೀರೇ. ಒಂದು ಹರಳು ಉಪ್ಪಿಲ್ಲ. ಇನ್ಮೇಲೆ ಆ ಡಬ್ಬ ಹೊರೋ ಕೆಲಸ ಇಲ್ಲ ನಿಮಗೆ."

ಎಷ್ಟು ನಕ್ಕರು ಅಂತೀರಿ! ಅತ್ತೆಯನ್ನು ಕರೆದು ತೋರಿಸಿದರು, ಬೀದಿಯವರನ್ನೆಲ್ಲ ಕರೆದು ತೋರಿಸಿದರು. ನನ್ನ ಹೆಂಡ್ತಿ ಮಾಡಿದ್ದು, ನನ್ನ ಸುಂದರಾ ಮಾಡಿದ್ದು ಎಂದು ಎಲ್ಲರಿಗೂ ಹೇಳಿದರು. ನಾನು ಚೌಡಮ್ಮನಿಗೆ ಕಾಯಿ ಒಡೆದು ಬಂದೆ. ಎಷ್ಟೋ ತಿಂಗಳ ಮೇಲೆ ಹೊಟ್ಟೆತುಂಬ ಊಟ ಮಾಡಿದೆ.

ಶುಕ್ರವಾರ ಬಂತು. ಇವರು ಇಸ್ತ್ರಿ ಅಂಗಿ ಹಾಕಿ ಚೀಲ ಹಿಡಿದು ಬಾಗಿಲಿಗೆ ಬಂದರು. ಡಬ್ಬ ಎರಡೂ ಮೂಲೆಯಲ್ಲೇ ಇದ್ದವು.

"ನೀರು ಬೇಡ ಅಂದ್ನಲ್ಲ?" ಎಂದೆ.

"ನೀರು ಯಾರಿಗೆ ಬೇಕು? ಇಷ್ಟ್ ದಿನ ಮೀನು ಸತ್ತೋಗ್ಬಿಡುತ್ತೆ ಅಂತ ಭಾನುವಾರಕ್ಕೇ ಓಡೋಡಿ ಬರ್ತಿದ್ದೆ. ಕೂತು ಒಂದು ಹೊತ್ತು ನೆಮ್ಮದಿಯಾಗಿ ಉಣ್ಣಲ್ಲ ಅಂತ ಚಂದ್ರಾನೂ ಬೈತಿದ್ಲು. ಈಗ ಅವಸರ ಇಲ್ಲ ನೋಡು, ನಿಧಾನವಾಗಿ ಬರ್ತೀನಿ. ದೊಡ್ಡ ಉಪಕಾರ ಮಾಡ್ದೆ, ಸುಂದರಾ," ಎಂದು ಮನಸಾರೆ ಹೇಳಿ, ರೈಲು ಹಿಡಿಯಲು ಮೇಟ್ಟುಪಾಳಯದ ಬಸ್ಸು ಹತ್ತಿದರು.

ಭಾನುವಾರ ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ನಿನ್ನೆ ಕಾರ್ಡು ಬಂತು, ಇನ್ನೂ ಸ್ವಲ್ಪ ದಿನ ಆಗುತ್ತದಂತೆ, ಮೀನನ್ನು ಚೆನ್ನಾಗಿ ನೋಡಿಕೊಳ್ಳಬೇಕಂತೆ. ಅತ್ತೆ ನನ್ನ ಮುಖ ನೋಡಿ ಎದ್ದು ಹೋದರು. ನಾನು ಅಂಗಡಿಗೆ ಹೋಗಿ ಒಂದು ಪಡಿ ಕಲ್ಲುಪ್ಪು ತಂದೆ.

ದಿನಾ ಒಂದು ಚಿಟಿಕೆ ಹಾಕುತ್ತೇನೆ. ಜಾಸ್ತಿ ಹಾಕಿದರೆ ಸಾಯುತ್ತದೆ. ಅದಕ್ಕೆ ಮೊದಲಿನ ಹಾಗೆ ಉಪ್ಪು ಒಗ್ಗಬೇಕು, ಸಮುದ್ರದ ನೀರಿಲ್ಲದೆ ಉಳಿಯುವುದಿಲ್ಲ ಎಂದು ನಾನು ಕಾರ್ಡು ಬರೆಸುವ ಹಾಗಾಗಬೇಕು. ಅವಳ ಮನೆಯಿಂದಲೇ ಬರಲಿ, ಅವಳೂರಿನ ನೀರನ್ನೇ ತರಲಿ, ಮೀನಿನ ಮೇಲಿನ ಆಸೆಗಾದರೂ ಅವರು ಭಾನುವಾರಕ್ಕೆ ಓಡಿ ಬಂದರೆ ನನಗೆ ಅಷ್ಟೇ ಸಾಕು.