ಹಳ್ಳದ ಈಚೆಗೂ ಒಂದು ಊರಿದೆ

ಮುದುಕನಿಗೆ ಉಬ್ಬಸ ಹೆಚ್ಚಾದ ಆ ಮಧ್ಯಾಹ್ನ ಆಂಬುಲೆನ್ಸ್ ಬಂತು. ಆದರೆ ಬಂದದ್ದು ಹಳ್ಳದಾಚೆಯ ದೊಡ್ಡ ಊರಿಗೆ. ಅಲ್ಲಿ ಮನೆ ಮನೆ ವಿಚಾರಿಸಿ, ಸುತ್ತು ಹಾಕಿಕೊಂಡು ಈಚೆ ದಡದ ನಲವತ್ತಾರು ಮನೆಗಳ ಪುಟ್ಟ ಊರಿಗೆ ಬರುವಷ್ಟರಲ್ಲಿ ಒಂದೂವರೆ ಗಂಟೆಯಾಗಿತ್ತು. ಮುದುಕ ಹೇಗೋ ಬದುಕಿಕೊಂಡ. ಊರಿಗೆಲ್ಲ ಬಟ್ಟೆ ಹೊಲಿಯುವ ಅವನ ಸೊಸೆ ಹೊಲಿಗೆಯಮ್ಮನ ಮನಸ್ಸು ಮಾತ್ರ ಅವತ್ತಿನಿಂದ ಒಂದು ಕಡೆ ನಿಲ್ಲಲಿಲ್ಲ. ನಾಲ್ಕು ಇಂಚು ಹೊಲಿಯುವಳು, ಏಳುವಳು, ಒಳಕೋಣೆಗೆ ಹೋಗಿ ಮಾವನ ಉಸಿರು ಆಲಿಸುವಳು, ಮತ್ತೆ ಬಂದು ಕೂರುವಳು. ಹೊಲಿಗೆಯೆಲ್ಲ ಸೊಟ್ಟ.

ಹೀಗಿರುವಾಗ ಜನಗಣತಿಯ ಮೇಡಂ ಬಾಗಿಲು ಬಡಿದರು. ಮೂರು ದಿನದಲ್ಲಿ ಇದು ಮೂರನೇ ಸಲ.

"ಚಿಲಕ ಹಾಕು," ಎಂದ ಕಮ್ಮಾರ ಗಂಡ, ದನಿ ತಗ್ಗಿಸಿ. "ಯಾರೂ ಇಲ್ಲ ಅಂದ್ಕೊಂಡು ಹೋಗ್ತಾರೆ. ಹೋದ ಗಣತೀಲೂ ಹಾಗೇ ಮಾಡಿರ್ಲಿಲ್ವಾ?"

ಹೊಲಿಗೆಯಮ್ಮ ಚಿಲಕಕ್ಕೆ ಕೈ ಹಾಕಿದಳು. ಚಿಲಕ ಹಾಕಲಿಲ್ಲ, ಬಾಗಿಲು ತೆಗೆದಳು.

"ಮೇಡಂ, ಎಲ್ಲಾ ಹೇಳ್ತೀನಿ. ಮೊದಲು ನೀವು ಹೇಳಿ. ಆಂಬುಲೆನ್ಸಿನೋರಿಗೆ ನಮ್ಮೂರು ಯಾಕೆ ಸಿಗಲಿಲ್ಲ?"

ಮೇಡಂ ಸ್ಟೂಲಿನ ಮೇಲೆ ಕೂತರು. "ಒಂದೊಂದು ಊರಿಗೂ ಸರ್ಕಾರದ ಪಟ್ಟೀಲಿ ಒಂದು ಕೋಡ್ ನಂಬರ್ ಇರತ್ತಮ್ಮ. ಊರು ಎಲ್ಲಿದೆ, ಜನ ಎಷ್ಟು ಅಂತ ಅದರಿಂದ ಗೊತ್ತಾಗತ್ತೆ. ಹೋದ ಗಣತೀಲಿ ಇಲ್ಲಿ ಯಾವ ಮನೆ ನೋಡಿದ್ರೂ ಬಾಗಿಲು ಹಾಕಿತ್ತು. ಸಿಕ್ಕಿದ್ದು ಹನ್ನೊಂದೇ ಜನ. ಅಷ್ಟಕ್ಕೆ ಬೇರೆ ನಂಬರ್ ಯಾಕೆ ಅಂತ ಹಳ್ಳದಾಚೆ ಊರಿನ ನಂಬರಿಗೇ ಸೇರಿಸಿಬಿಟ್ರು. ಗಾಡಿಯೋರು ಪಟ್ಟಿ ನೋಡ್ಕೊಂಡು ಅಲ್ಲಿಗೇ ಹೋದ್ರು."

ಕಮ್ಮಾರ ಒಳಗಿನಿಂದ ಬಂದ. "ನಮ್ಮ ಮನೆಗಳಿಗೆ ಕಾಗದಪತ್ರ ಇಲ್ಲ. ಲೆಕ್ಕ ಕೊಟ್ಟ ಮೇಲೆ ಮನೆ ಖಾಲಿ ಮಾಡಿ ಅಂದ್ರೆ?"

"ನೀವು ಹೇಳಿದ್ದು ಗುಟ್ಟಾಗಿರತ್ತೆ ಅಣ್ಣ. ನಿಮ್ಮನ್ನ ಎಬ್ಬಿಸೋಕೆ ಬಳಸೋ ಹಾಗಿಲ್ಲ."

"ಮಾತಿಗೇನು, ಎಲ್ಲರೂ ಹೇಳ್ತಾರೆ."

ಹೊಲಿಗೆಯಮ್ಮನಿಗೆ ತಡೆಯಲಾಗಲಿಲ್ಲ. "ರೀ, ಅವತ್ತು ಮಾವನ ಬೆರಳು ನೀಲಿ ತಿರುಗ್ತಿತ್ತು. ದಾರಿ ನೋಡ್ತಾ ನಿಂತಿದ್ದು ನಾನು. ಚಿಲಕ ಹಾಕ್ಕೊಂಡು ನಮ್ಮೂರನ್ನ ನಾವೇ ಅಳಿಸಿ ಹಾಕಿದ್ವಲ್ಲ! ಇನ್ನೊಂದು ಸಲ ಹಾಗಾದ್ರೆ ನೀವು ಹೊತ್ಕೊಂಡು ಹೋಗ್ತೀರಾ?"

ಅವಳು ಒಂದೊಂದೇ ಹೆಸರು ಬರೆಸಿದಳು. ಮೇಡಂ ಎದ್ದಾಗ ಕಮ್ಮಾರನೇ ಮುಂದಾಗಿ ಬಾಗಿಲಿಗೆ ಬಂದ. "ಪಕ್ಕದ ಮನೆಯೋರು ಹಿತ್ತಲಲ್ಲಿ ಅಡಗಿದ್ದಾರೆ. ಬನ್ನಿ, ನಾನು ಕೂಗ್ತೀನಿ."

ಸಂಜೆಯೊಳಗೆ ನಲವತ್ತಾರು ಮನೆ, ಇನ್ನೂರ ಹನ್ನೆರಡು ಜನ. ಹೊಸ ನಂಬರ್ ಕೂಡಲೇ ಬರಲಿಲ್ಲ. ಅರ್ಜಿ ಕೊಟ್ಟು, ಕಚೇರಿಗೆ ಅಲೆದು, ವರ್ಷದ ಮೇಲಾಯಿತು. ಬಂದ ದಿನ ಕಮ್ಮಾರ ಅದನ್ನು ತಗಡಿನ ಮೇಲೆ ಬರೆದು ರಸ್ತೆ ತಿರುವಿನಲ್ಲಿ ನೆಟ್ಟ. ಮುಂದೆ ಮಾವನಿಗೆ ಮತ್ತೆ ಉಬ್ಬಸ ಕೆರಳಿದಾಗ ಹೊಲಿಗೆಯಮ್ಮ ಫೋನಿನಲ್ಲಿ ನಂಬರನ್ನೂ ಹೇಳಿದಳು. ಆದರೂ ಜೀವ ತಡೆಯದೆ ತಿರುವಿನವರೆಗೆ ಓಡಿದಳು. ಗಾಡಿ ಆಗಲೇ ಊರ ಕಡೆ ತಿರುಗುತ್ತಿತ್ತು.

ನಿಮ್ಮ ಬಾಗಿಲಿಗೂ ಗಣತಿಯವರು ಬರುತ್ತಾರೆ. ಗುರುತಿನ ಚೀಟಿ ನೋಡಿ, ಕೂರಿಸಿ. ಹಸುಗೂಸಿನಿಂದ ಮುದುಕರವರೆಗೆ ಎಲ್ಲರ ಹೆಸರೂ ಬರೆಸಿ. ನಿಮ್ಮೂರಿಗೆ ಅದರದೇ ಕೋಡ್ ಇದೆಯೇ ಎಂದು ಇವತ್ತೇ ಕೇಳಿ. ಅದು ಬೇಕಾಗುವ ದಿನ ಕೇಳುತ್ತ ಕೂರಲು ಹೊತ್ತಿರುವುದಿಲ್ಲ.